ಸಣ್ಣ ಗೇರಿಗೆ ಕಟ್ಟಿದ ಕಂಕಣ

ನಮ್ಮ ಅತ್ತೆಯವರು ಮೂರು ವರ್ಷದಿಂದ ಸೀಗೆ ಹುಣ್ಣಿಮೆಗೆ ಹೊಲಕ್ಕೆ ಹೋಗಿರಲಿಲ್ಲ. ಆ ದಿನ ಭೂಮಿತಾಯಿ ಪೈರು ಹೊತ್ತ ಬಸುರಿ. ಅವಳಿಗೆ ಬಯಕೆಯ ಅಡುಗೆ ಒಯ್ದು, ಪೂಜೆ ಮಾಡಿ, ಆ ಎಡೆಯನ್ನೇ ಚರಗವಾಗಿ ಹೊಲದ ತುಂಬ ಚೆಲ್ಲಿದ ಮೇಲೆಯೇ ಮನೆಮಂದಿಯ ಬಾಯಿಗೆ ತುತ್ತು. ಅತ್ತೆಯವರ ಮೊಣಕಾಲು ಸೋತಿತ್ತು. ಮಾಸೂರಿನ ಕಡೆ ಇರುವ ನಮ್ಮ ಹೊಲಕ್ಕೆ ಡಾಂಬರು ಬಿಟ್ಟ ಮೇಲೆ ಅರ್ಧ ಹರದಾರಿ ಎರೆಮಣ್ಣಿನ ದಾರಿ. ಟ್ರ್ಯಾಕ್ಟರ್ ಏರುವುದು ಅವರಿಂದ ಆಗದು. ಹೊತ್ತುಕೊಂಡು ಹೋಗುತ್ತೇವೆ ಎಂದರೆ, "ನಾ ಏನ್ ಗ್ವಾವಿನಜ್ವಾಳದ ಚೀಲೇನು?" ಎನ್ನುತ್ತಿದ್ದರು. ಹೋದ ವರ್ಷ ಮಾತ್ರ ಸಣ್ಣ ದನಿಯಲ್ಲಿ, "ಬರೂ ವರ್ಷನೂ ಆಗಲಿಲ್ಲಂದ್ರ ಇನ್ನ ನಾ ಕೇಳೂದಿಲ್ಲ" ಅಂದಿದ್ದರು.

ಆ ಮಾತು ನಮ್ಮ ಮನೆಯವರಿಗೆ ನಾಟಿತು. ಹಳೆಯ ಫೋರ್ ವೀಲ್ ಜೀಪು ಹುಡುಕತೊಡಗಿದರು. ನನಗೆ ಅರ್ಥವಾಗಲಿಲ್ಲ.

"ಅಲ್ರೀ, ಎಲ್ಲಾ ಗಾಡಿಗೂ ನಾಕ ಗಾಲಿ ಇರ್ತಾವಲ್ಲ?"

"ಇರ್ತಾವ. ಎಳಿಯೂದು ಎರಡ. ಮುಂದಿನ್ವು ಸುಮ್ನ ಹಿಂದಿನ್ವು ನೂಕಿದಂಗ ಉರುಳ್ತಾವ. ಇದರಾಗ ನಾಕೂ ಎಳೀತಾವ."

ಅಂದಿನಿಂದ ಬೀದಿಯಲ್ಲಿ ಹೋಗುವ ಕಾರುಗಳನ್ನೆಲ್ಲ ನೋಡುವುದೇ ನನ್ನ ಕೆಲಸವಾಯಿತು. ಯಾವ ಗಾಲಿ ದುಡಿಯುತ್ತಿದೆ, ಯಾವುದು ಪುಕ್ಕಟೆ ತಿರುಗುತ್ತಿದೆ ಅಂತ ಕಣ್ಣಿಗೆ ತಿಳಿಯುವುದೇ ಇಲ್ಲ. ನಮ್ಮ ದೊಡ್ಡ ಮನೆತನದ ಮದುವೆಗಳಲ್ಲಿ ಓಡಾಡುವ ಜನರ ಹಾಗೆ.

ಸವಣೂರಿನ ಹತ್ತಿರ ಎಲೆಬಳ್ಳಿ ತೋಟದ ಹಿರಿಯ ಸಾಹೇಬರೊಬ್ಬರ ಬಳಿ ಗಾಡಿ ಸಿಕ್ಕಿತು. ನಾನೂ ಹಟ ಮಾಡಿ ಹೋದೆ. ಬಣ್ಣ ಮಾಸಿದ ಹಸಿರು ಜೀಪು. ಮೇಲೆ ತಾಡಪತ್ರಿ, ಒಳಗೆ ಹಸಿ ವೀಳ್ಯದೆಲೆಯ ವಾಸನೆ. ಮನೆಯವರು ಕೆಳಗೆ ಬಗ್ಗಿ ತುಕ್ಕು ಹುಡುಕುತ್ತಿದ್ದರು. ನಾನು ಒಳಗಿದ್ದದ್ದನ್ನೆಲ್ಲ ಒಂದೊಂದಾಗಿ ಕೇಳುತ್ತ ನಿಂತೆ. ದೊಡ್ಡ ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಕೋಲು ಇತ್ತು.

"ಇದೇನ್ರಿ?"

"ಅದು ಸಣ್ಣ ಗೇರ್ರಿ, ಬಾಯಿ. ಡಾಂಬರ್ ರೋಡಿನ ಮ್ಯಾಲ ಅದಕ್ಕ ಕೈ ಹಚ್ಚಬ್ಯಾಡ್ರಿ. ಹಚ್ಚಿದ್ರ ಒಳಗಿನ ಹಲ್ಲು ಮುರೀತಾವ."

ಅಷ್ಟರಲ್ಲಿ ಒಳಗಿನಿಂದ ಅವರ ಮನೆಯಾಕೆ ಚಹಾಕ್ಕೆ ಕರೆದರು. ಸಾಹೇಬರು ಇನ್ನೂ ಏನೋ ಹೇಳುತ್ತಿದ್ದರು. ನಾನು ಹೋಗಿಬಿಟ್ಟೆ. "ಕೈ ಹಚ್ಚಬ್ಯಾಡ್ರಿ" ಎಂಬ ಮಾತಷ್ಟೇ ನನ್ನ ಜೊತೆ ನಮ್ಮೂರು ಹಿರೇಕೆರೂರಿಗೆ ಬಂತು.

ನಮ್ಮ ಮನೆಯವರ ಕೈ ಸುಮ್ಮನಿರುವ ಕೈಯಲ್ಲ. ರೇಡಿಯೋ ಬಿಚ್ಚಿದವರು, ಮಿಕ್ಸಿ ಬಿಚ್ಚಿದವರು. ಬ್ಯಾಡ ಅಂದರೆ ಮೊದಲು ಅದನ್ನೇ ಮುಟ್ಟುವವರು. ಆದರೆ ದೇವರಿಗೆ ಸೇರಿದ್ದನ್ನು ಮುಟ್ಟುವುದಿಲ್ಲ. ಗಾಡಿ ಪೂಜೆಯ ದಿನ ಮಠದ ಅಯ್ಯನವರು ಮಂತ್ರಿಸಿ ಕೊಟ್ಟ ಅರಿಷಿಣದ ಕಂಕಣ ಕೈಯಲ್ಲಿತ್ತು. ಎಲ್ಲರೂ ಸ್ಟೇರಿಂಗಿಗೆ ಕಟ್ಟುತ್ತಾರೆ. ನಾನು ಸಣ್ಣ ಗೇರಿಗೆ ಸುತ್ತಿ, ಸೀಟಿನ ಕಬ್ಬಿಣದ ಕಾಲಿಗೆ ಎಳೆದು, ಮೂರು ಗಂಟು ಹಾಕಿ, ಮೇಲೆ ವಿಭೂತಿ ಹಚ್ಚಿದೆ. ಶಿವನೇ, ಒಳಗಿನ ಹಲ್ಲು ಕಾಪಾಡು ಅಂದೆ. ಮನೆಯವರು ನೋಡಿ ಕೈ ಮುಗಿದರು. ನನ್ನ ಉಪಾಯವನ್ನು ನಾನೇ ಮೆಚ್ಚಿಕೊಂಡೆ.

ಸೀಗೆ ಹುಣ್ಣಿಮೆ ಬಂತು. ಹಿಂದಿನ ಎರಡು ದಿನ ಸುರಿದ ಮಳೆ ಬೆಳಗಿಗೆ ನಿಂತದ್ದು ದೇವರ ಒಂದು ದಯೆ. ಒಂದು ಕಡುಬೂ ಒಡೆಯದೆ ಬೆಂದದ್ದು ಇನ್ನೊಂದು. ಮಣೆಯ ಮೇಲೆ ಕಾಲಿಟ್ಟು ಅತ್ತೆಯವರು ಮುಂದಿನ ಸೀಟಿಗೆ ಏರಿದರು. ನಾನು ಬುಟ್ಟಿಗಳ ಜೊತೆ ಹಿಂದೆ ಕುಳಿತೆ. ಡಾಂಬರಿನ ಮೇಲೆ ಜೀಪು ಗಡಗಡ ಎನ್ನುತ್ತ ಚೆನ್ನಾಗಿಯೇ ಓಡಿತು. ಮಣ್ಣಿನ ದಾರಿಗೆ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಗಾಲಿಗಳು ಹೂತವು. ಎಕ್ಸಲೇಟರ್ ಒತ್ತಿದಷ್ಟೂ ಕೆಸರು ನನ್ನ ಸೀರೆಯ ಮೇಲೆ ಹಾರಿತು.

ಮನೆಯವರ ಕೈ ಸಣ್ಣ ಗೇರಿನತ್ತ ಹೋಯಿತು. ಕಂಕಣ ಕಂಡು ಹಿಂದೆ ಬಂತು.

"ಹಾಕ್ಬ್ಯಾಡ್ರಿ! ಹಲ್ಲು ಮುರೀತಾವ!" ಎಂದು ಕೂಗಿದೆ.

"ಹುಚ್ಚಿ, ಅದು ಡಾಂಬರಿನ ಮ್ಯಾಲ. ಕೆಸರಿನ್ಯಾಗ ಹಾಕಾಕಂತನ ಅದು ಇರೂದು! ಅದನ್ನ ಹಾಕಿದ್ರನ ಮುಂದಿನ ಗಾಲಿ ಎಳೀತಾವ."

"ಮತ್ತ ಪೂಜಿ ದಿನಾ ಯಾಕ ಹೇಳಲಿಲ್ರಿ?"

"ಅಯ್ಯಾರು ಹೇಳ್ಯಾರೇನೋ ಅಂದ್ಕೊಂಡೆ. ದೇವರ ದಾರ, ನಾ ಹೆಂಗ ಕೇಳ್ಲಿ?"

ಸುತ್ತ ನರಪಿಳ್ಳೆ ಇರಲಿಲ್ಲ. ಎತ್ತು ತರಲು ಊರಿಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ. ಅತ್ತೆಯವರು ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ. ಮನೆಯವರು ಕುಡುಗೋಲು ಹುಡುಕಿ ತೆಗೆದರು, ಮತ್ತೆ ಕೆಳಗಿಟ್ಟರು. ಕಟ್ಟಿದ ಕಂಕಣ ಕೆಲಸ ಮುಗಿಯುವ ಮೊದಲು ಬಿಚ್ಚಬಾರದು. ಕೊಯ್ಯುವುದಂತೂ ದೂರವೇ ಉಳಿಯಿತು. ಗಾಡಿ ತಂದದ್ದು ಯಾರಿಗಾಗಿಯೋ ಅವರನ್ನೇ ನಾನು ಕೆಸರಿನಲ್ಲಿ ಕೂರಿಸಿದ್ದೆ. ನನಗೆ ಅಳು ಬಂತು.

ಅತ್ತೆಯವರು ತಿರುಗಿ ನೋಡಿದರು.

"ಯವ್ವಾ, ಕಂಕಣ ಯಾರಿಗೆ ಕಟ್ತೇವಿ?"

"ಕೆಲಸಕ್ಕ ಹೊಂಟಾವ್ರಿಗ್ರಿ, ಅತ್ತಿ."

"ಮತ್ತ? ನೀ ದುಡಿಯಾವನ ಕಾಲಿಗೆ ದಾವಣಿ ಹಾಕೀದಿ. ಎಮ್ಮಿ ಕಟ್ಟಿದಂಗ ಕಟ್ಟೀದಿ, ಮ್ಯಾಲ ಈಬತ್ತಿ ಬ್ಯಾರೆ! ಬಿಚ್ಚು. ಬಿಚ್ಚಿ ನನ್ನ ಕೈಗೆ ಕಟ್ಟು. ಇವತ್ತ ಕೆಲಸ ಇರೂದು ನನಗ."

ಹಿಂದಿನಿಂದ ಬಗ್ಗಿ ಕುಳಿತೆ. ಅರಿಷಿಣ ಒಣಗಿ ಗಂಟು ಕಲ್ಲಾಗಿತ್ತು. ಎರಡು ಗಂಟು ಉಗುರಿಗೆ ಬಿಟ್ಟವು. ಮೂರನೆಯದನ್ನು ಹಲ್ಲಿನಿಂದ ಬಿಡಿಸಿದೆ. ಒಳಗಿನ ಹಲ್ಲಿಗೆ ಹೆದರಿದವಳಿಗೆ ಹೊರಗಿನ ಹಲ್ಲೇ ನೆರವಾಯಿತು ಎಂದು ಮನೆಯವರು ಇಂದಿಗೂ ಆಡಿಕೊಳ್ಳುತ್ತಾರೆ. ದಾರವನ್ನು ಅತ್ತೆಯವರ ಮಣಿಕಟ್ಟಿಗೆ ಕಟ್ಟಿದೆ.

ಸಣ್ಣ ಗೇರು ಬಿತ್ತು. ಜೀಪು ಒಮ್ಮೆ ನರಳಿತು. ನಾನು ಕತ್ತು ಹೊರಗೆ ಚಾಚಿ ಮುಂದಿನ ಗಾಲಿಯನ್ನೇ ನೋಡುತ್ತಿದ್ದೆ. ಅದು ತಾನಾಗಿಯೇ ಮಣ್ಣು ಹಿಡಿದು, ಕಚ್ಚಿ, ಎಳೆಯಿತು. ಅಷ್ಟು ದಿನ ಪುಕ್ಕಟೆ ತಿರುಗುತ್ತಿದ್ದ ಗಾಲಿ ದುಡಿಯುವುದು ಆವತ್ತು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು.

ಹೊಲದ ಬದುವಿನವರೆಗೂ ಗಾಡಿ ಹೋಯಿತು. ಪೂಜೆಯಾದ ಮೇಲೆ ಅತ್ತೆಯವರು ನನ್ನ ಹೆಗಲು ಹಿಡಿದು ಗೋವಿನಜೋಳದ ಸಾಲಿಗೆ ಇಳಿದರು. ನಾಲ್ಕು ಹೆಜ್ಜೆಗೆ ನಿಂತರು. ದಣಿವಾಯಿತೇನೋ ಅಂದುಕೊಂಡೆ.

"ಮೂರ ವರ್ಷ ನಾ ಬರಲಿಲ್ಲಂತ ಸಾಲು ಹೆಂಗ ಸೊಟ್ಟ ಬಿತ್ಯಾನ ನೋಡು ನಿನ್ನ ಗಂಡ!"

ಬದುವಿನ ಮೇಲೆ ಮನೆಯವರು ಬೇರೆ ಕಡೆ ನೋಡಿದರು. ಅತ್ತೆಯವರು ಬುಟ್ಟಿಗೆ ಕೈ ಹಾಕಿ, ಹಿಡಿ ತುಂಬ ಚರಗ ತೆಗೆದು, ಮೈಯೆಲ್ಲ ದನಿಯಾಗಿ ಚರಗದ ಕೂಗು ಹಾಕುತ್ತ ಚೆಲ್ಲಿದರು: "ಹುಲಿಗ್ಯೋ… ಹುಲಿಗ್ಯೋ…"

"ಹುಲಿಗ್ಯೋ ಅಂದ್ರ ಏನ್ರಿ, ಅತ್ತಿ?"

"ನಿಂದೊಂದು ಕೇಳೂದು ಮುಗಿಯೂದಿಲ್ಲ. ಬುಟ್ಟಿ ಹಿಡಿ, ಆ ಮೂಲಿತನಕಾ ಹೋಗೂದೈತಿ."

ಆ ಮೂಲೆಯವರೆಗೂ ನಡೆದರು.