ಮೊದಲನೆಯವನ ಧೋತರ

ಗಜೇಂದ್ರಗಡದ ನಮ್ಮ ಶಾಲೆಯ ಮೂಲೆಯ ಕೋಣೆಯಲ್ಲಿ ಒಂದು ಪುಟ್ಟ ವಸ್ತುಸಂಗ್ರಹಾಲಯವಿದೆ. ಅದನ್ನು ಕಟ್ಟಿದವನು ನಾನು, ನಿವೃತ್ತ ವಿಜ್ಞಾನ ಮಾಸ್ತರ ಚನ್ನಬಸವ. ಈ ಮಾತನ್ನು ಕೇಳದವರು ಊರಲ್ಲಿ ಯಾರೂ ಉಳಿದಿಲ್ಲ. ಕೇಳಿದವರು ನನ್ನನ್ನು ಕಂಡರೆ ಓಣಿ ಬದಲಿಸುತ್ತಾರೆ. ಒಳಗೆ ವಾನರನಿಂದ ಮನುಷ್ಯನವರೆಗೆ ಸಾಲಾಗಿ ಐದು ಗಚ್ಚಿನ ಮೂರ್ತಿಗಳಿವೆ. ಗೋಡೆಗೆ ಗಿಲಾವ ಮಾಡುವ ಕಾಶೀಂಸಾಬ ಮಾಡಿಕೊಟ್ಟದ್ದು. ಮೊದಲನೆಯವನಿಗೆ ಹೊಟ್ಟೆ ಜಾಸ್ತಿಯಾಯಿತೆಂದು ನಾನು ತಕರಾರು ತೆಗೆದಾಗ, "ಎದುರಿಗೆ ನೀವಽ ನಿಂತಿದ್ರಿ ಸರ, ಅಳತಿ ಅಲ್ಲಿಂದ ಬಂತು" ಎಂದುಬಿಟ್ಟ. ಬಾಗಿಲ ಮೇಲೆ 'ಇಲ್ಲಿ ಮೂಢನಂಬಿಕೆಗೆ ಪ್ರವೇಶವಿಲ್ಲ' ಎಂದು ಕೆಂಪು ಬಣ್ಣದಲ್ಲಿ ನಾನೇ ಬರೆದಿದ್ದೇನೆ.

ಹೇಳಹೊರಟಿದ್ದು ನನ್ನ ಕಥೆಯಲ್ಲ, ಅಲ್ಲಿ ಕಸ ಗುಡಿಸುವ ಶಂಕ್ರವ್ವನದು. ನನ್ನ ಚಾಳಿ, ಎಲ್ಲಿಂದ ಶುರು ಮಾಡಿದರೂ ನನ್ನಿಂದಲೇ ಶುರು ಮಾಡುತ್ತೇನೆ. ಶಂಕ್ರವ್ವ ನಲವತ್ತು ವರ್ಷ ಮಗ್ಗದಲ್ಲಿ ಕೂತು ಸೀರೆ ನೇಯ್ದವಳು. ಮೊಣಕಾಲು ಕೈಕೊಟ್ಟ ಮೇಲೆ ನಾನೇ ಈ ಕೆಲಸಕ್ಕೆ ಸೇರಿಸಿದೆ. ಈಗ ಅವಳ ಒಲೆ ಹೊತ್ತುವುದು ಇದರಿಂದಲೇ.

ಬಂದ ಮೊದಲ ದಿನ ಮೂರ್ತಿಗಳನ್ನು ದಿಟ್ಟಿಸಿ ಕೇಳಿದಳು: "ಇವ್ರು ಯಾರ್ರಿ ಸರ?"

ಅಷ್ಟು ಸಾಕಾಯಿತು. ಮುಕ್ಕಾಲು ತಾಸು ಭಾಷಣ ಬಿಗಿದೆ. ಪೊರಕೆ ಹಿಡಿದುಕೊಂಡೇ ಕೇಳಿದಳು, ಕೊನೆಗೆ ಅಂದಳು: "ಅಂದ್ರ ನಮ್ಮ ಹಿರ್ಯಾರು ಅನ್ರಿ."

ನನಗೆ ಆನಂದವೋ ಆನಂದ. ಓದುಬರಹ ಬಾರದವಳಿಗೂ ವಿಕಾಸವಾದ ತಿಳಿಸಿದೆನೆಂದು ವಾರಗಟ್ಟಲೆ ಜಂಬ ಕೊಚ್ಚಿಕೊಂಡೆ.

ದಸರೆಯ ಮುಂಚಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಎಡೆ ಹಿಡಿಯುತ್ತಾರೆ. ಮರುದಿನ ಮುಂಜಾನೆ ಜಿಲ್ಲೆಯಿಂದ ನೀಲಾ ಎಂಬ ಅಧಿಕಾರಿ ನಮ್ಮ ಸಂಗ್ರಹಾಲಯ ನೋಡಲು ಬಂದರು. ಬಾಗಿಲ ಮೇಲಿನ ಬರಹವನ್ನು ಎರಡು ಸಲ ಓದಿ ಹೇಳಿ, ಠೀವಿಯಿಂದ ಬಾಗಿಲು ತೆರೆದೆ.

ಮೊದಲನೆಯವನು ಹೊಸ ಧೋತರ ಉಟ್ಟು ನಿಂತಿದ್ದ. ಎರಡನೆಯವನೂ ಹಾಗೆಯೇ. ಮೂರನೆಯವಳು ಕೆಂಪು ಅಂಚಿನ ಕೈಮಗ್ಗದ ಸೀರೆಯಲ್ಲಿದ್ದಳು. ಎಲ್ಲರ ಹಣೆಗೂ ಕುಂಕುಮ, ಮುಂದೆ ಬಾಳೆಲೆಯಲ್ಲಿ ಒಣಗಿದ ಹೋಳಿಗೆ, ಅದರ ಸುತ್ತ ಇರುವೆ.

"ಇದು ಸಂಗ್ರಹಾಲಯವೋ, ಗುಡಿಯೋ?" ನೀಲಾ ಮೇಡಂ ಕೇಳಿದರು. "ಯಾರು ಮಾಡಿದ್ದು ಇದನ್ನು? ಅವರನ್ನು ಇವತ್ತೇ ಕೆಲಸದಿಂದ ತೆಗೆಯಿರಿ."

ಕೀಲಿ ನನ್ನ ಹತ್ತಿರ ಒಂದು, ಶಂಕ್ರವ್ವನ ಹತ್ತಿರ ಒಂದು. ಆದರೂ "ನನಗೂ ಗೊತ್ತಿಲ್ರಿ ಮೇಡಂ" ಎಂದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಸತ್ಯ ಬೋಧಿಸಿದ ಬಾಯಿ ಇದು.

ಬಟ್ಟೆ ತೆಗೆಯಲೆಂದು ಅಷ್ಟೊತ್ತಿಗೆ ಬಂದಿದ್ದ ಶಂಕ್ರವ್ವ ಬಾಗಿಲಿಂದಲೇ ಹೇಳಿದಳು: "ನಾನಽ ಮಾಡೀನ್ರಿ. ಹಿರ್ಯಾರು ಅಂತ ಸರಽ ಹೇಳ್ಯಾರ. ಹಿರ್ಯಾರು ಅಂದಮ್ಯಾಲೆ ಹೊಸಾ ಅರಿವಿ ಇಡದ ಹ್ಯಾಂಗ ಬಿಡೂದ್ರಿ?"

"ಇವು ದೇವರಲ್ಲಮ್ಮಾ" ಎಂದರು ಮೇಡಂ.

"ದೇವ್ರಾಗಿದ್ರ ಕಾಯಿ ಒಡಿತಿದ್ದೆ. ಒಡದಿಲ್ಲ ನೋಡ್ರಿ." ಕುಂಟುತ್ತ ಒಳಗೆ ಬಂದು ಒಬ್ಬೊಬ್ಬರನ್ನೇ ತೋರಿಸಿದಳು. "ಇಂವ ಮೊದ್ಲ ಎರಡು ಕಾಲಮ್ಯಾಲೆ ನಿಂತಾಂವ. ಇಂವ ಕಲ್ಲು ಕಲ್ಲಿಗೆ ಕುಟ್ಟಿ ಹರಿತ ಮಾಡ್ದಾಂವ. ಈಕಿ ಬೆಂಕಿ ಕಾಯ್ದಾಕಿ, ಅದಕ್ಕಽ ನಾ ನೇಯ್ದಿಟ್ಟಿದ್ದ ಸೀರಿ ಈಕಿಗೆ ಉಡಿಸೀನಿ. ಇಂವ ತೊಗಲು ಹೊತ್ಕೊಂಡಾನ, ಟವೆಲ್ ಒಂದಽ ಸಾಕಾತು. ಕಡೀಗಿನಾಂವ ನಮ್ಮಂಗಽ, ಅವನ್ದು ಅಂವ ನೋಡ್ಕೋತಾನ."

ಮೇಡಂ ನನ್ನ ಕಡೆ ತಿರುಗಿದರು. "ಇಷ್ಟೆಲ್ಲ ಹೇಳಿಕೊಟ್ಟವರು ನೀವಾ?"

ನಾಚಿಕೆಯಾಯಿತು. ನನ್ನ ಹೊಟ್ಟೆಯಲ್ಲಿ ನಿನ್ನೆಯ ಹೋಳಿಗೆ ಇನ್ನೂ ಕರಗಿರಲಿಲ್ಲ. "ಹೌದ್ರಿ. ಕೀಲಿ ಆಕಿ ಹತ್ರ ಐತಿ ಅಂತನೂ ನನಗ ಗೊತ್ತಿತ್ತು. ನಿನ್ನೆ ನಮ್ಮ ಮನ್ಯಾಗ ನಮ್ಮಪ್ಪಗ ಧೋತರ ಇಟ್ಟು ಐದು ಹೋಳಿಗಿ ಉಂಡೀನಿ. ಆಕೀನ ತಗಿಯೂದಾದ್ರ ನನ್ನ ಮೊದ್ಲ ತಗೀರಿ."

ಮೇಡಂ ಬಗ್ಗಿ ಮೂರನೆಯವಳ ಸೀರೆಯ ಅಂಚನ್ನು ಮುಟ್ಟಿ ನೋಡಿದರು. "ಇವರ ಕೆಲಸ ಇರಲಿ. ಬಂದವರಿಗೆ ಇನ್ನು ಮುಂದೆ ಇವರೇ ವಿವರಿಸಲಿ. ನೀವು ಸ್ವಲ್ಪ ಕಡಿಮೆ ಮಾತಾಡಿ" ಎಂದು ಹೊರಟರು.

ಶಂಕ್ರವ್ವ ಬಟ್ಟೆಗಳನ್ನು ಬಿಚ್ಚಿ ಮಡಚಿದಳು. ಮೊದಲನೆಯವನ ಧೋತರವನ್ನು ನನ್ನ ಕೈಗಿಟ್ಟಳು. "ಹಿರ್ಯಾರಿಗೆ ಇಟ್ಟಿದ್ದು ಮನ್ಯಾವ್ರು ಉಡಬೇಕ್ರಿ. ಈ ಮನಿಗೆ ನೀವಽ ಅಲ್ಲೇನು?"

ಅವಳು ನೀರು ತರಲು ಹೋದಾಗ ಪ್ಯಾಂಟಿನ ಮೇಲೆಯೇ ಸುತ್ತಿಕೊಂಡೆ. ಮೊದಲನೆಯವನ ಹೊಟ್ಟೆಯ ಮೇಲೆ ಧೋತರಕ್ಕೆ ಬಿದ್ದಿದ್ದ ಮಡಿಕೆಯ ಗುರುತು ನನ್ನ ಹೊಟ್ಟೆಯ ಮೇಲೂ ಅಲ್ಲಿಯೇ ಬಂದು ಕೂತಿತು. ಹೊಸ ಬಟ್ಟೆ ಉಟ್ಟರೆ ಹಿರಿಯರ ಕಾಲು ಮುಟ್ಟುವುದು ಚಿಕ್ಕಂದಿನ ರೂಢಿ. ಯಾರೂ ಇಲ್ಲವೆಂದು ನೋಡಿಕೊಂಡು ಮೊದಲನೆಯವನ ಕಾಲಿಗೆ ಬಾಗಿದೆ.

"ಕೈಗೆ ಧೂಳೇನು ಹತ್ತಂಗಿಲ್ರಿ ಸರ" ಎಂದಳು ಶಂಕ್ರವ್ವ ಹಿಂದಿನಿಂದ. "ದಿನಾ ನಾನಽ ಕಾಲು ಒರಸ್ತೀನಿ."