ಮಿಲಿಟರಿ ಗಾಡಿಯ ಸೀಟು

ನನ್ನ ಬಲಗೈಯ ತೋರುಬೆರಳಿನಲ್ಲಿ ಉಗುರು ಅರ್ಧವೇ ಇದೆ. ಇನ್ನರ್ಧವನ್ನು ತಿಂದದ್ದು ಒಂದು ಮಿಲಿಟರಿ ಗಾಡಿಯ ಫ್ಯಾನ್ ಬೆಲ್ಟು. ಯಾರಾದರೂ ಕೇಳಿದರೆ ಅಮ್ಮ ಈಗಲೂ "ಮೀನ್ ಕೊಯ್ವತಿಗೆ ಕತ್ತಿ ತಾಗಿದ್ದ್" ಎನ್ನುತ್ತಾಳೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೆಣ್ಣಿನ ಬೆರಳಿಗೆ ಮೀನುಕತ್ತಿ ತಾಗಿದರೆ ಅದು ಸಹಜ, ಫ್ಯಾನ್ ಬೆಲ್ಟ್ ತಾಗಿದರೆ ಮನೆಯ ಮರ್ಯಾದೆ ಪ್ರಶ್ನೆ.

ಆ ಗಾಡಿ ನಮ್ಮ ಅಂಗಳಕ್ಕೆ ಬಂದದ್ದು 1997ರಲ್ಲಿ, ನನಗೆ ಹತ್ತೊಂಬತ್ತು ತುಂಬಿದ ವರ್ಷ. ಯಡ್ತರೆಯಿಂದ ಪಡುವಣಕ್ಕೆ, ಕಡಲ ಸದ್ದು ಕೇಳುವಷ್ಟು ಹತ್ತಿರ ನಮ್ಮ ಮನೆ. ಅಪ್ಪಯ್ಯ ಹರೆಯದಲ್ಲಿ ಮುಂಬೈಯ ಗ್ಯಾರೇಜೊಂದರಲ್ಲಿ ದುಡಿದವರು. ಊರಿಗೆ ವಾಪಸು ಬಂದು ನಾಡದೋಣಿ ಇಟ್ಟುಕೊಂಡಿದ್ದರು. ಸೈನ್ಯದವರು ಬೇಡವೆಂದು ಹರಾಜು ಹಾಕಿದ ಪಿಕಪ್ ಅದು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿ, ಹಿಂದೆ ಕಬ್ಬಿಣದ ತೊಟ್ಟಿ, ಬಾಗಿಲಿಗೆ ಗಾಜೇ ಇಲ್ಲ. ಆದರೆ ನಾಲ್ಕೂ ಚಕ್ರಕ್ಕೆ ಎಳೆಯುವ ಶಕ್ತಿ ಇತ್ತು. ಬೇರೆ ಯಾವ ಗಾಡಿಯೂ ಇಳಿಯಲು ಹೆದರುವ ಮರಳಿಗೆ ಇಳಿದು, ನೀರಿನಂಚಿನಿಂದ ದೋಣಿಯನ್ನು ಎಳೆದು ತರುತ್ತಿತ್ತು. ಮೊದಲು ಮೂವತ್ತು ನಲವತ್ತು ಗಂಡಸರು ಹೆಗಲು ಕೊಟ್ಟು ಮಾಡುತ್ತಿದ್ದ ಕೆಲಸ.

ಕಡಲಿಗೆ ಇಳಿಯುವ ಗಾಡಿಗೆ ದಿನಾ ಒಂದು ಕಾಯಿಲೆ. ಉಪ್ಪುನೀರು ತಾಗಿದ ಬೋಲ್ಟು ವಾರದಲ್ಲಿ ಹಿಡಿದುಕೊಂಡು ಬಿಡುತ್ತದೆ. ಚಕ್ರದ ನಡುವಿನ ಗುಂಬದೊಳಗೆ ಮರಳು ಹೊಕ್ಕು ಬೇರಿಂಗ್ ಅರೆಯುತ್ತದೆ. ಗೇರಿನ ಎಣ್ಣೆಗೆ ನೀರು ಸೇರಿದರೆ ಹಾಲು ಹಾಕಿದ ಚಹಾದ ಬಣ್ಣ ಬರುತ್ತದೆ. ಕುಂದಾಪುರದ ಮೆಕ್ಯಾನಿಕರು ಬಾನೆಟ್ ಎತ್ತಿ ಒಮ್ಮೆ ನೋಡಿ, "ಇದ್ರ ಸ್ಪೇರ್ ಎಲ್ಲಿಂದ ತಪ್ಪುದ್ ಮರಾಯ್ರೆ?" ಎಂದು ಕೈ ತೊಳೆದುಕೊಂಡರು. ಹಾಗಾಗಿ ರಿಪೇರಿಯೆಲ್ಲ ಮನೆಯಂಗಳದಲ್ಲಿ, ಹಲಸಿನ ಮರದ ಬುಡದಲ್ಲೇ ನಡೆಯಿತು. ಅಪ್ಪಯ್ಯನ ಕೈ ದಪ್ಪ, ಇಂಜಿನ್ನಿನ ಸಂದಿಯಲ್ಲಿ ಇಳಿಯುತ್ತಿರಲಿಲ್ಲ. ನನ್ನದು ಇಳಿಯುತ್ತಿತ್ತು. ಮೊದಲು ಒಂದು ಬೋಲ್ಟ್ ಬಿಚ್ಚಲು ಕರೆದರು. ಆಮೇಲೆ ಕಾರ್ಬೊರೇಟರ್, ಆಮೇಲೆ ಬ್ರೇಕ್ ಶೂ. ಅವರ ಕಣ್ಣು ಮಂಜಾದ ಮೇಲೆ ಇಡೀ ಗಾಡಿಯೇ ನನ್ನ ಪಾಲಿಗೆ ಬಂತು. ಸಂಜೆ ಗಾಡಿ ಬಂದದ್ದೇ ಬಾವಿಯಿಂದ ಸಿಹಿನೀರು ಸೇದಿ ಅಡಿಯೆಲ್ಲ ತೊಳೆಯುವುದು, ಬೇರಿಂಗ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದುವುದು, ಅಂಗೈಯಲ್ಲಿ ಗ್ರೀಸ್ ಇಟ್ಟು ತುಂಬುವುದು, ದೋಣಿಗೆ ಬಳಿಯುವ ಮೀನೆಣ್ಣೆಯನ್ನೇ ಚಾಸಿಗೂ ಬಳಿಯುವುದು. ಎರಡು ದಿನ ತಪ್ಪಿದರೆ ತುಕ್ಕು ಮೇಲೇಳುತ್ತಿತ್ತು. ನಾನು ತಪ್ಪಿಸಲಿಲ್ಲ.

ಇಷ್ಟೆಲ್ಲ ಮಾಡಿದವಳಿಗೆ ಆ ಗಾಡಿಯ ಸೀಟಿನ ಮೇಲೆ ಕೂರುವ ಹಕ್ಕು ಇರಲಿಲ್ಲ.

ನಮ್ಮಲ್ಲಿ ಹೆಂಗಸರು ದೋಣಿ ಹತ್ತುವ ಕ್ರಮವಿಲ್ಲ. ಹತ್ತಿದರೆ ಮೀನು ದೂರವಾಗುತ್ತದಂತೆ. ಗಾಡಿ ಬಂದ ಮೊದಲ ವಾರ ನಾನು ಬಾಗಿಲಿಗೆ ಕೈ ಹಾಕಿ ಒಂದು ಕಾಲು ಮೇಲಿಟ್ಟೆ, ಅಷ್ಟೇ.

"ಇಳಿ ಕೆಳ್ಗ್! ದೋಣಿ ಎಳುವ ಗಾಡಿ ಅಂದ್ರೆ ಅದೂ ದೋಣಿಯೇ. ಹೆಣ್ಮಕ್ಳ್ ಹತ್ತುಕಾಗ" ಎಂದು ಅಪ್ಪಯ್ಯ ಗದರಿದರು.

"ಹಾಂಗಾರೆ ಕೆಳ್ಗ್ ಹೊಕ್ಕುಕ್ ಅಡ್ಡಿಲ್ಯಾ?" ಎಂದು ಕೇಳಿದೆ.

"ಕೆಳ್ಗ್ ಅಡ್ಡಿಲ್ಲೆ" ಎಂದರು, ಎರಡನೇ ಸಲ ಯೋಚಿಸಲೂ ಇಲ್ಲ.

ಆ ಮಾತಿನ ನಾಚಿಕೆಗೇಡಿತನ ಅವರಿಗೆ ಕೊನೆಯವರೆಗೂ ಕಾಣಲಿಲ್ಲ. ಅಂಗಾತ ಮಲಗಿ ಬೆನ್ನಿಗೆ ಕಲ್ಲು ಚುಚ್ಚಿಸಿಕೊಂಡು, ಕಣ್ಣಿಗೆ ಕೊಳೆ ಎಣ್ಣೆ ಬೀಳಿಸಿಕೊಂಡರೆ ಯಾವ ಮೀನೂ ದೂರ ಹೋಗುವುದಿಲ್ಲ. ಕುಳಿತರೆ ಮಾತ್ರ ಹೋಗುತ್ತದೆ! ಹಾಗಾಗಿ ನಾನು ನೆಲದ ಮೇಲೆ ನಿಂತೇ ಗಾಡಿಯನ್ನು ಕಲಿತೆ. ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸುತ್ತಿದ್ದೆ. ಬಾಗಿಲು ತೆಗೆದು ಬಗ್ಗಿ ಕ್ಲಚ್ಚನ್ನು ಅಂಗೈಯಲ್ಲಿ ಒತ್ತುತ್ತಿದ್ದೆ. ಆಕ್ಸಿಲೇಟರ್ ಒತ್ತಿ ಹಿಡಿಯಲು ತೆಂಗಿನ ಕೊತ್ತಳಿಗೆಯ ತುಂಡೊಂದನ್ನು ಇಟ್ಟುಕೊಂಡಿದ್ದೆ. ಯಾವ ಪೆಡಲ್ ಒತ್ತಿದರೆ ಅಡಿಯಲ್ಲಿ ಯಾವ ಸರಳು ಎಳೆಯುತ್ತದೆ, ಯಾವ ಲಿವರ್ ಯಾವ ಹಲ್ಲನ್ನು ಕೂಡಿಸುತ್ತದೆ ಎಂಬುದು ನನ್ನಷ್ಟು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಂಗಳಿಗೆ ಮೂರು ದಿನ ಮುಟ್ಟುವಂತೆಯೂ ಇರಲಿಲ್ಲ. ಆ ಮೂರು ದಿನ ಗಾಡಿ ಕೆಟ್ಟರೆ ಅಪ್ಪಯ್ಯ ದೋಣಿಯವರಿಗೆ "ಸ್ಪೇರ್ ಬರ್ಲಿಲ್ಲೆ" ಎನ್ನುತ್ತಿದ್ದರು. ದೋಣಿಯವರೂ ನಂಬಿದಂತೆ ನಟಿಸುತ್ತಿದ್ದರು.

ಸೀಟಿನ ಮೇಲೆ ಕೂರುತ್ತಿದ್ದವನು ಭಾವ, ಅಂದರೆ ಅಪ್ಪಯ್ಯನ ಅಕ್ಕನ ಮಗ. ಅಳಿಯನೆಂದರೆ ಅಪ್ಪಯ್ಯನಿಗೆ ಪ್ರಾಣ. ಗಾಡಿ ಅವನಿಗೆ, ಜೊತೆಯಲ್ಲಿ ನನ್ನನ್ನೂ ಅವನಿಗೇ ಕಟ್ಟುವ ಮಾತು ಕೆಲವು ಕಾಲ ನಡೆದಿತ್ತು. ನಾನು ಒಪ್ಪಲಿಲ್ಲ. ಭಾವ ಕೆಟ್ಟವನಲ್ಲ, ಆದರೆ ಗಾಡಿಯ ಮಟ್ಟಿಗೆ ಶುದ್ಧ ಕಟುಕ. ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರದ ಗೇರನ್ನೂ ಹಾಕಿಕೊಂಡು ಓಡಿಸಿ ಎರಡು ಸಲ ಜಾಯಿಂಟ್ ಮುರಿದ. ಮರಳಿಗೆ ಇಳಿದಾಗ ಅದೇ ಗೇರು ಹಾಕಲು ಮರೆತು ಚಕ್ರ ಹೂಳುತ್ತಿದ್ದ. ಮುರಿದದ್ದನ್ನು ನಾನು ಕೂಡಿಸುತ್ತಿದ್ದೆ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರಿಗೆ ಮರ ಸಾಗಿಸಿ ಬಂದಾಗ ಅಲ್ಲಿನವರು "ಗಾಡಿ ಲಾಯ್ಕ್ ಇಟ್ಕಂಡಿದ್ದಿಯಲೆ" ಎಂದು ಬೆನ್ನು ತಟ್ಟಿದರಂತೆ. ಅದನ್ನು ಮನೆಯಲ್ಲಿ ನನ್ನೆದುರೇ ಹೇಳಿಕೊಂಡು ನಕ್ಕ. ಬೋಲ್ಟ್ ಬಿಚ್ಚುವ ಪಾನಾವನ್ನು ಅವನ ತಲೆಗೆ ಎಸೆಯಬೇಕೆನ್ನಿಸಿತ್ತು.

ಹೀಗೇ ಹತ್ತು ವರ್ಷ ಕಳೆಯಿತು. 2007ರ ಮಳೆಗಾಲದ ಒಂದು ಬೆಳಿಗ್ಗೆ ನಾನೂ ಅಮ್ಮನೂ ಬುಟ್ಟಿ ಹಿಡಿದು ಮೀನಿಗಾಗಿ ಕಡಲತೀರದಲ್ಲಿ ಕಾಯುತ್ತಿದ್ದೆವು. ದೋಣಿ ದಡಕ್ಕೆ ತಾಗಿತ್ತು, ಭಾವ ಅದನ್ನು ಎಳೆಯಲು ಗಾಡಿಯನ್ನು ಹಿಮ್ಮುಖವಾಗಿ ಇಳಿಸಿದ್ದ. ಹಗ್ಗ ಕಟ್ಟುವ ಮೊದಲೇ ಹಿಂದಿನ ಚಕ್ರ ಹಸಿ ಮರಳಿನಲ್ಲಿ ಕುಸಿಯಿತು. ಅವನು ಗಾಬರಿಯಿಂದ ಒಂದೇ ಸಮನೆ ಆಕ್ಸಿಲೇಟರ್ ತುಳಿದ. ಚಕ್ರ ತಿರುಗಿದಷ್ಟೂ ಗಾಡಿ ಹೂತುಕೊಂಡಿತು. ಭರತದ ಹೊತ್ತು, ನೀರು ಏರುತ್ತಿತ್ತು. "ಮುಂದಿನ್ ಗೇರ್ ಹಾಕಿ ಭಾವ! ಸಣ್ಣ ಲಿವರ್!" ಎಂದು ಕಿರುಚಿದೆ. ದೊಡ್ಡ ತೆರೆಯೊಂದು ಬಾಗಿಲಿನವರೆಗೂ ಬಡಿಯಿತು. ಭಾವ ಹಾರಿ ಓಡಿಬಂದ.

ಅಪ್ಪಯ್ಯ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಇನ್ನು ನಾಲ್ಕು ತೆರೆ ಬಂದರೆ ಇಂಜಿನ್ನಿಗೆ ನೀರು, ಆಮೇಲೆ ಗಾಡಿಯ ಆಸೆ ಬಿಟ್ಟಹಾಗೇ. ನಾನು ಬುಟ್ಟಿ ಬಿಸಾಡಿ ಓಡಿದೆ. ಸೀಟಿನ ಮೇಲೆ ಕುಳಿತೆ. ಸಣ್ಣ ಲಿವರ್ ಎಳೆದೆ, ಮೊದಲ ಗೇರು ಹಾಕಿದೆ, ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತ ಹೋದೆ. ಮುಂದಿನ ಚಕ್ರಗಳು ಮರಳನ್ನು ಕಚ್ಚಿದವು. ಗಾಡಿ ನರಳಿತು, ಎದ್ದಿತು, ಇಡೀ ಮೈಯಿಂದ ನೀರು ಸುರಿಸುತ್ತ ಗಾಳಿಮರದ ಸಾಲಿನವರೆಗೂ ಬಂತು. ನನಗೆ ಆಗ ಆದಷ್ಟು ಖುಷಿ ಮದುವೆಯ ದಿನವೂ ಆಗಲಿಲ್ಲ.

ಗಾಡಿ ನಿಲ್ಲಿಸಿದಾಗ ಯಾರೂ ಹತ್ತಿರ ಬರಲಿಲ್ಲ. "ಹ್ವಾಯ್, ಹೆಣ್ಣ್ ಹತ್ತಿತ್ ಕಾಣಿ!" ಎಂದು ಯಾರೋ ಕೂಗಿದ್ದು ಮಾತ್ರ ಕೇಳಿತು. ಅಪ್ಪಯ್ಯ ಬಂದವರು ನನ್ನ ಮುಖ ನೋಡದೆ "ಇಳಿ" ಎಂದರು.

ಮರುದಿನ ಗಾಡಿಗೆ ಶುದ್ಧಿ ಮಾಡಿಸಿದರು. ದೇವಸ್ಥಾನದಿಂದ ತೀರ್ಥ ಬಂತು. ಸೀಟಿನ ಹೊದಿಕೆ ಕಿತ್ತು ಸುಟ್ಟರು. ಅರಿಶಿನದ ನೀರಿನಲ್ಲಿ ಸೀಟು, ಸ್ಟಿಯರಿಂಗ್, ಆ ಸಣ್ಣ ಲಿವರ್, ನಾನು ಮುಟ್ಟಿದ್ದೆಲ್ಲವನ್ನೂ ತೊಳೆದರು. ಚಕ್ರಕ್ಕೆ ಲಿಂಬೆಹಣ್ಣು ಇಟ್ಟು ಭಾವನಿಂದ ಒಂದು ಸುತ್ತು ಹೊಡೆಸಿದರು. ತೊಳೆಯುವ ನೀರನ್ನು ಬಾವಿಯಿಂದ ಸೇದಿಕೊಡು ಎಂದು ಹೇಳಿದ್ದು ನನಗೇ. ಸೇದಿಕೊಟ್ಟೆ. ಮುಳುಗಲು ಬಿಟ್ಟು ಓಡಿದವನು ಶುದ್ಧ, ಎತ್ತಿ ತಂದ ನಾನು ಮೈಲಿಗೆ. ಕೊಡಪಾನ ಬಾವಿಗೆ ಬಿದ್ದರೂ ಚಿಂತೆಯಿಲ್ಲ ಎಂಬ ಸಿಟ್ಟಿನಲ್ಲಿ ಹಗ್ಗ ಎಳೆದಿದ್ದೆ, ಅಂಗೈ ಕಿತ್ತುಹೋಗಿತ್ತು.

ಅಂದೇ ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದಾಗ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರ್ ಕಿತ್ತುಕೊಂಡೆ. ಹೆಬ್ಬೆರಳಿನ ಗಾತ್ರದ ವಸ್ತು. ಅದಿಲ್ಲದೆ ಇಂಜಿನ್ನಿಗೆ ಕಿಡಿಯಿಲ್ಲ. ಸೀರೆಯ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದೆ.

ಮರುದಿನ ಗಾಡಿ ಸ್ಟಾರ್ಟ್ ಆಗಲಿಲ್ಲ. ಭಾವ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸಿದ. ಅಪ್ಪಯ್ಯ ಮುಚ್ಚಳ ತೆಗೆದು ಬೆರಳಾಡಿಸಿ ನೋಡಿದರು. ನೇರ ಅಡುಗೆಮನೆಗೆ ಬಂದರು.

"ಎಲ್ಲಿತ್ತ್?"

"ನನ್ನತ್ರ ಇತ್ತ್."

"ಕೊಡ್."

"ಕೊಡ್ತೆ. ಆರೆ ಇನ್ಮೇಲೆ ಗಾಡಿ ನಾನೇ ಬಿಡ್ತೆ."

"ಅದ್ ಆಪ್ದಲ್ಲ" ಎಂದು ಹೊರಟುಹೋದರು.

ಬೇರೆ ರೋಟರ್ ತರಿಸುತ್ತೇನೆಂದು ಭಾವ ಅಪ್ಪಯ್ಯನ ಮುಂಬೈಯ ಗೆಳೆಯರಿಗೆಲ್ಲ ಫೋನ್ ಮಾಡಿದ. ಬಂದದ್ದು ಯಾವುದೂ ಕೂರಲಿಲ್ಲ. ಆ ಮಳೆಗಾಲ ಪೂರ್ತಿ ಗಂಡಸರು ಮತ್ತೆ ಹೆಗಲು ಕೊಟ್ಟು ದೋಣಿ ಎಳೆದರು. ಅವರ ಹೆಗಲು ಸುಲಿದದ್ದನ್ನು ಕಂಡು ನನಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳು. ಅಮ್ಮ ಅತ್ತಳು, ಕೈ ಮುಗಿದಳು. ನಾನು ಬಗ್ಗಲಿಲ್ಲ. ನನ್ನ ಷರತ್ತು ಬಲು ಸಣ್ಣದು ಎಂದೇ ನಂಬಿದ್ದೆ, ಇಂದಲ್ಲ ನಾಳೆ ಅಪ್ಪಯ್ಯ ಸೋಲುತ್ತಾರೆ ಎಂದುಕೊಂಡಿದ್ದೆ. ಅವರು ದೀಪಾವಳಿ ಕಳೆದ ಮೇಲೆ ಬ್ರಹ್ಮಾವರದ ಕಡೆಯ ಗುಜರಿಯವರಿಗೆ ಬರಹೇಳಿದರು. ಮಗಳು ಕೂರುವುದಕ್ಕಿಂತ ಒಡೆದು ತೂಕಕ್ಕೆ ಹಾಕುವುದೇ ಸರಿ ಎಂದು ಅವರಿಗೆ ಕಂಡಿತು.

ಗುಜರಿಯವರು ಬರುವ ದಿನ ಬೆಳಿಗ್ಗೆ ನಾನೇ ರೋಟರನ್ನು ಸ್ವಸ್ಥಾನದಲ್ಲಿ ಕೂರಿಸಿದೆ. ಕಿಡಿ ಕೊಡುವ ಪಾಯಿಂಟ್ ಉಜ್ಜಿದೆ, ಬ್ಯಾಟರಿಗೆ ಚಾರ್ಜ್ ಮಾಡಿಸಿ ತಂದೆ. ನಾನು ಹತ್ತು ವರ್ಷ ಸಾಕಿದ ಗಾಡಿಯನ್ನು ಹೆಣದ ಹಾಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗುವುದನ್ನು ನೋಡಲು ನನ್ನಿಂದ ಸಾಧ್ಯವಿರಲಿಲ್ಲ.

ಗುಜರಿಯವರ ಡ್ರೈವರ್ ಸೆಲ್ಫ್ ಒತ್ತಿದ. ಒಂದೇ ಸಲಕ್ಕೆ ಹಿಡಿಯಿತು. ಗುಜರಿಯವರು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಅಪ್ಪಯ್ಯನ ಕಡೆ ತಿರುಗಿದರು.

"ಹೊಸ ಇಂಜಿನ್ ಹಾಂಗ್ ಇತ್ತಲೆ! ಯಾರ್ ಮರಾಯ್ರೆ ಇದ್ನ ಹೀಂಗ್ ಇಟ್ಕಂಡದ್?"

"ನನ್ ಅಳಿಯ" ಎಂದರು ಅಪ್ಪಯ್ಯ.

ಭಾವ ಅಲ್ಲೇ ನಿಂತಿದ್ದ. ನೆಲ ನೋಡಿದ.

"ಸುಳ್ಳ್!" ಎಂದೆ. "ಅವ್ರಿಗೆ ಪಾನಾ ಹಿಡುಕೂ ಬತ್ತಿಲ್ಲೆ. ನಾನ್ ಮಾಡದ್ದ್."

ಗುಜರಿಯವರು ತಮಾಷೆಯೆಂದು ನಕ್ಕರು. ಅಪ್ಪಯ್ಯ ತಿರುಗಿಯೂ ನೋಡದೆ, ದನಿ ಏರಿಸದೆ ಹೇಳಿದರು: "ಒಳ್ಗ್ ಹೋಗ್."

ಮದುವೆಯಾಗಿ ಗುಲ್ವಾಡಿಗೆ ಬಂದ ಮೇಲೆ ಲೈಸೆನ್ಸ್ ಮಾಡಿಸಿದೆ. ಈಗ ನನ್ನದೇ ಗೂಡ್ಸ್ ರಿಕ್ಷಾದಲ್ಲಿ ಮೀನು ಹಾಕಿಕೊಂಡು ಊರೂರು ತಿರುಗುತ್ತೇನೆ, ಯಾರೂ ಏನೂ ಅನ್ನುವುದಿಲ್ಲ. ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಮೇಲಿನ ಸಿಟ್ಟು ಸುಮಾರು ಇಳಿಯಿತು. ಭಾವ ಎದುರಿಗೆ ಸಿಕ್ಕರೆ ಮಾತಾಡುತ್ತೇನೆ. ಇಳಿಯದ ಸಿಟ್ಟು ಒಂದೇ, ಅದು ನನ್ನ ಮೇಲಿನದು. ಕಡಲಿಗೆ ಹೆದರದೆ ಆ ಗಾಡಿಯನ್ನು ಎತ್ತಿ ತಂದವಳು ಅಪ್ಪಯ್ಯನ ಎರಡು ಮಾತಿಗೆ ಹೆದರಿ, ಇಂಜಿನ್ ಇನ್ನೂ ಓಡುತ್ತಿರುವಾಗಲೇ, ತಲೆ ತಗ್ಗಿಸಿಕೊಂಡು ಒಳಗೆ ಹೋದಳು.