ಟಿ.ಬಿ. ಅಲ್ಲ, ಕಲ್ಲಿನ ಧೂಳು

ದಂಡೋತಿಯಲ್ಲಿ ಬಸ್ಸಿಳಿದರೆ ನಮ್ಮ ಮನೆ ಐದು ನಿಮಿಷದ ದಾರಿ. ಒಂದು ದಿನ ಉಸಿರು ಸಾಲದೆ ಮೂರು ಕಡೆ ಕುಳಿತೆ. ನಲವತ್ತು ದಾಟಿದ್ದೆ, ಅಷ್ಟೆ. ದಣಿವು ಎಂದುಕೊಂಡೆ.

ಶಹಾಬಾದ್ ಕಡೆಯ ಒಂದು ಶೆಡ್ಡಿನಲ್ಲಿ ಹದಿನೆಂಟು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡಿದವನು ನಾನು. ಸಂಜೆ ಮಾಲಕರು ಎಲ್ಲರ ಕೈಗೂ ಒಂದು ತುಂಡು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಎಂಬ ನಂಬಿಕೆ. ಹಾಗಿದ್ದರೆ ನನ್ನ ಎದೆ ಇಷ್ಟೊತ್ತಿಗೆ ಸಕ್ಕರೆ ಕಾರ್ಖಾನೆ ಆಗಬೇಕಿತ್ತು.

ಆಸ್ಪತ್ರೆಯ ಕೌಂಟರಿನಲ್ಲಿ ಏನು ಕೆಲಸ ಎಂದು ಕೇಳಿದರು. "ಕೂಲಿ ರೀ" ಎಂದೆ. ಕಲ್ಲಿನ ಕೆಲಸ ಎನ್ನಬೇಡ, ತಪಾಸಣೆ ಬಂದು ಶೆಡ್ಡು ಮುಚ್ಚುತ್ತದೆ ಎಂದು ಮಾಲಕರು ಹೇಳಿದ್ದರು. ಅಲ್ಲಿ ನನ್ನ ತಮ್ಮ ಗೌತಮನೂ ದುಡಿಯುತ್ತಿದ್ದ. ಅವನ ಅನ್ನಕ್ಕೆ ಮಣ್ಣು ಹಾಕಲು ಮನಸ್ಸಾಗಲಿಲ್ಲ. ಎಕ್ಸ್‌ರೇ ನೋಡಿ ಟಿ.ಬಿ. ಎಂದು ಬರೆದರು. ಆರು ತಿಂಗಳು ಮಾತ್ರೆ. ಮತ್ತೆ ಆರು ತಿಂಗಳು. ಮಾತ್ರೆಗೆ ಮೂತ್ರ ಕೆಂಪಾಯಿತು, ಕೆಮ್ಮು ಹೋಗಲಿಲ್ಲ.

ಗೌತಮನ ಮಗಳ ತೊಟ್ಟಿಲ ಕಾರ್ಯಕ್ಕೆ ಹೋದಾಗ ಒಳಗೆ ಎಲ್ಲರಿಗೂ ಸ್ಟೀಲಿನ ತಟ್ಟೆ ಹಾಕಿದ್ದರು.

ನನಗೆ ಅಂಗಳದಲ್ಲಿ ಪತ್ರಾವಳಿ.

ಚಿಕ್ಕವನಿದ್ದಾಗ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆಂದೇ ಬೇರೆ ಲೋಟ ಇಟ್ಟದ್ದನ್ನು ಕಂಡು ಬೆಳೆದವನು ನಾನು. ಆಗೆಲ್ಲ ಸಿಟ್ಟು ಬರುತ್ತಿತ್ತು. ಇದು ನಮ್ಮವರದೇ ಮನೆ, ಸಿಟ್ಟು ಬರಲಿಲ್ಲ. ಅಳು ಬಂತು. ಅನ್ನ ಕಲಸಿಟ್ಟು ಎದ್ದು ಬಂದೆ.

ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಹೊಸ ಡಾಕ್ಟರಮ್ಮ ಎಕ್ಸ್‌ರೇಯನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು.

"ಕೂಲಿ ಅಂದ್ರ ಯಾವ ಕೂಲಿ?"

ನಾನು ಎಕ್ಸರೇಯ ಖಾಲಿ ಲಕೋಟೆ ಮಡಚತೊಡಗಿದೆ. ನನ್ನ ಹೆಂಡತಿ ಸುನಂದಾ ಬಿಡಲಿಲ್ಲ. "ಕಲ್ ಪಾಲಿಶ್ ಮಾಡ್ತಾರ್ರಿ. ಹದಿನೆಂಟ್ ವರ್ಷ ಆತು. ಇವರು ಹೇಳಂಗಿಲ್ಲ, ನಾ ಹೇಳ್ತೀನಿ."

"ಹಂಗಾದ್ರ ಇದು ಟಿ.ಬಿ. ಅಲ್ಲಮ್ಮ, ಸಿಲಿಕೋಸಿಸ್. ಕಲ್ಲಿನ ಧೂಳಿಂದ ಬರ್ತದ. ಒಬ್ಬರಿಂದ ಒಬ್ಬರಿಗಿ ಹತ್ತಂಗಿಲ್ಲ. ವಾಸಿನೂ ಆಗಂಗಿಲ್ಲ."

ಹತ್ತುವುದಿಲ್ಲ ಎಂದಾಗ ಸುನಂದಾ ನಕ್ಕೇಬಿಟ್ಟಳು. ಕೊನೆಯ ಮಾತು ಅವಳಿಗೆ ತಡವಾಗಿ ತಲುಪಿತು.

ರೋಗದ ನಿಜವಾದ ಹೆಸರು ಮೆಡಿಕಲ್ ಬೋರ್ಡಿನ ಕಾಗದದ ಮೇಲೆ ಬರಬೇಕು ಎಂದರು ಡಾಕ್ಟರು. "ಪರಿಹಾರ, ಪಿಂಚಣಿ ಎಲ್ಲಾ ನಿಮ್ಮ ಹಕ್ಕದ. ಬೇಡೂದಲ್ಲ, ಕೇಳೂದು." ನನಗೆ ಅದಕ್ಕಿಂತ ದೊಡ್ಡ ಆಸೆ ಒಂದಿತ್ತು. ಪ್ರಾಣ ಹೋಗುವ ಮುಂಚೆ ಆ ಕಾಗದ ತೋರಿಸಿ ನಾಲ್ಕು ಜನರ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಆದರೆ ನಮ್ಮ ಶೆಡ್ಡಿನಲ್ಲಿ ಹಾಜರಿ ಪುಸ್ತಕವೇ ಇರಲಿಲ್ಲ. ನಾನು ಅಲ್ಲಿ ದುಡಿದದ್ದಕ್ಕೆ ಜೊತೆಗಾರನೊಬ್ಬ ಸಾಕ್ಷಿ ಹೇಳಬೇಕಿತ್ತು.

ಗೌತಮನನ್ನು ಕೇಳಿದೆ.

"ಅಣ್ಣಾ, ನಾ ಹೇಳಿದ್ರ ನಾಳಿ ನನಗ ಕೆಲಸ ಇರಂಗಿಲ್ಲ. ಮನ್ಯಾಗ ಸಣ್ಣ ಕೂಸದ" ಎಂದು ಎದ್ದು ಹೋದ. ಬಾಯಿಗೆ ಬಂದಂತೆ ಬೈದೆ. ನಾನೂ ಅವನ ಕೆಲಸವನ್ನೇ ನೆನೆದು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದೆ ಎಂಬುದು ಆಗ ನೆನಪಾಗಲಿಲ್ಲ.

ಬೋರ್ಡಿನ ದಿನ ಅವನು ಬಂದ. ಮದುವೆಯ ಅಂಗಿ ತೊಟ್ಟಿದ್ದ. "ಅಣ್ಣನ ಸಂಗಾಟ ನಾನೂ ಹತ್ತು ವರ್ಷ ಅಲ್ಲೇ ದುಡ್ದೀನ್ರಿ. ಈಗೂ ದುಡ್ಯಾಕತ್ತೀನಿ" ಎಂದ. ಹೇಳುತ್ತ ಹೇಳುತ್ತ ಕೆಮ್ಮಿದ. ಡಾಕ್ಟರು ತಲೆಯೆತ್ತಿ ನೋಡಿದರು.

"ನೀವೂ ಒಂದ್ ಎಕ್ಸ್‌ರೇ ತೆಗಿಸ್ರಿ."

ಎರಡು ವಾರದ ಮೇಲೆ ಇಬ್ಬರೂ ಹೋದೆವು. ನನ್ನ ಕಾಗದದಲ್ಲಿ ಸಿಲಿಕೋಸಿಸ್ ಎಂದು ಬರೆದಿತ್ತು.

ಅವನದರಲ್ಲೂ.

ಈಗಷ್ಟೇ ಶುರುವಾಗಿದೆ, ಇವತ್ತೇ ಧೂಳು ಬಿಟ್ಟರೆ ಬಹಳ ವರ್ಷ ಬದುಕಬಹುದು ಎಂದರು. ನಾನು ಡಾಕ್ಟರಿಗೆ ಕೈ ಮುಗಿದೆ. ನನ್ನ ಕಾಗದ ನೆನಪಿಗೇ ಬರಲಿಲ್ಲ.

ಬಸ್ಸಿನಲ್ಲಿ ತಡೆಯಲಾಗಲಿಲ್ಲ. ಓದು ಬಿಟ್ಟು ತಿರುಗುತ್ತಿದ್ದ ಹದಿನೇಳರ ಹುಡುಗನನ್ನು ಆ ಶೆಡ್ಡಿಗೆ ಸೇರಿಸಿದವನು ನಾನೇ. "ತಮ್ಮಾ, ನಿನ್ನ ಅಲ್ಲಿಗಿ ಕರ್ಕೊಂಡ್ ಹೋದಾವ ನಾನು" ಎಂದೆ.

"ಕರ್ಕೊಂಡ್ ಹೋದಾವನೂ ನೀನೇ, ಬಿಡ್ಸಿದಾವನೂ ನೀನೇ. ಸುಮ್ಕ ಕುಂದ್ರಣ್ಣ."

ಸುಮ್ಮನೆ ಕುಳಿತೆ. ಎರಡನೆಯ ಮಾತು ನಿಜವಲ್ಲ. ಅವನನ್ನು ಬಿಡಿಸಿದ್ದು ಅವನದೇ ಧೈರ್ಯ. ಆದರೆ ಅಷ್ಟು ಹೇಳಲು ನನ್ನಲ್ಲಿ ಉಸಿರಿರಲಿಲ್ಲ.